ಪ್ರಶ್ನೋತ್ತರ: ಮನೆಯವರ ಫೋಟೋ ಚೆನ್ನಾಗಿ ಬರಬೇಕಾದರೆ ಯಾರನ್ನು ಎಲ್ಲಿ ನಿಲ್ಲಿಸಬೇಕು?

ಎಲ್ಲರಿಗೂ ನಮಸ್ಕಾರ. ಮದುವೆ, ನಾಮಕರಣ, ಗೃಹಪ್ರವೇಶದ ಫೋಟೋ ತೆಗೆಯುವುದೇ ನನ್ನ ಕೆಲಸ. ಮೊಬೈಲ್‌ನಲ್ಲೇ ಮನೆಯವರ ಫೋಟೋ ಚೆನ್ನಾಗಿ ತೆಗೆಯುವುದು ಹೇಗೆ ಅಂತ ತುಂಬಾ ಜನ ಕೇಳುತ್ತಿದ್ದೀರಿ. ಈ ಪೋಸ್ಟ್‌ನ ಕೆಳಗೆ ಪ್ರಶ್ನೆ ಹಾಕಿ, ಒಂದೊಂದಾಗಿ ಉತ್ತರಿಸುತ್ತೇನೆ.

ಪ್ರಶ್ನೆ: ಮೇಡಂ, ಮುಂದಿನ ತಿಂಗಳು ನಮ್ಮ ಅಜ್ಜಿಗೆ 80 ತುಂಬುತ್ತದೆ. ಮನೆಯಲ್ಲಿ ಸುಮಾರು 20 ಜನ ಸೇರುತ್ತೇವೆ. ಪ್ರತಿ ಸಲ ಗ್ರೂಪ್ ಫೋಟೋ ಅಂದರೆ ಎಲ್ಲರೂ ಉದ್ದಕ್ಕೆ ಒಂದೇ ಸಾಲಲ್ಲಿ ನಿಲ್ಲುತ್ತಾರೆ, ಮುಖಗಳು ಚಿಕ್ಕದಾಗಿ ಬರುತ್ತವೆ. ಹೇಗೆ ನಿಲ್ಲಿಸಲಿ?

ಉತ್ತರ: ಮೊದಲು ಈ ಫೋಟೋ ಯಾರದ್ದು ಅಂತ ತೀರ್ಮಾನಿಸಿ. ಇದು ನಿಮ್ಮ ಅಜ್ಜಿಯ ಫೋಟೋ, ಉಳಿದವರು ಅವರ ಸುತ್ತ ಇರುವವರು. ಇದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಅಜ್ಜಿಗೆ ಮಧ್ಯದಲ್ಲಿ ಒಂದು ಕುರ್ಚಿ ಹಾಕಿ. ಅಕ್ಕಪಕ್ಕ ಅವರ ಮಕ್ಕಳು ಕೂರಲಿ. ಮೊಮ್ಮಕ್ಕಳು, ಮರಿಮಕ್ಕಳು ಮುಂದೆ ಜಮಖಾನದ ಮೇಲೆ. ಸೊಸೆಯಂದಿರು, ಅಳಿಯಂದಿರು, ದೊಡ್ಡ ಮೊಮ್ಮಕ್ಕಳು ಹಿಂದೆ ನಿಲ್ಲಲಿ. ಹೀಗೆ ಮೂರು ಎತ್ತರ ಆಗುತ್ತದೆ. ಒಂದೇ ಸಾಲಲ್ಲಿ 20 ಜನ ನಿಂತರೆ ನೀವು ತುಂಬಾ ಹಿಂದಕ್ಕೆ ಹೋಗಬೇಕು, ಮುಖ ಚಿಕ್ಕದಾಗುವುದು ಅದಕ್ಕೇ. ಮೂರು ಸಾಲು ಮಾಡಿದರೆ ಹತ್ತಿರದಿಂದಲೇ ಎಲ್ಲರೂ ಹಿಡಿಸುತ್ತಾರೆ.

ಹಿಂದಿನವರು ಮುಂದಿನವರ ತಲೆಯ ಹಿಂದೆ ಸರಿಯಾಗಿ ನಿಲ್ಲಬಾರದು. ಎರಡು ತಲೆಗಳ ನಡುವಿನ ಜಾಗದಲ್ಲಿ ನಿಲ್ಲಲಿ. ನಮ್ಮ ಜನ ಸಂಕೋಚದಿಂದ ಒಂದು ಗೇಣು ದೂರ ನಿಲ್ಲುತ್ತಾರೆ, ಫೋಟೋದಲ್ಲಿ ಆ ಖಾಲಿ ಜಾಗ ಇನ್ನೂ ದೊಡ್ಡದಾಗಿ ಕಾಣುತ್ತದೆ. ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಬರಲು ಹೇಳಿ. ಎರಡೂ ತುದಿಯಲ್ಲಿರುವವರು ಸ್ವಲ್ಪ ಅಜ್ಜಿಯ ಕಡೆ ತಿರುಗಿ ನಿಲ್ಲಲಿ. ಆಗ ನೋಡುವವರ ಕಣ್ಣು ತಾನಾಗಿ ಮಧ್ಯಕ್ಕೆ ಬರುತ್ತದೆ.

ಇನ್ನೊಂದು ಮಾತು. ಕ್ಯಾಮೆರಾ ಸ್ಕ್ರೀನಿನಲ್ಲಿ ಕಾಣುವ 0.5 ಒತ್ತಿ ವೈಡ್‌ನಲ್ಲಿ ಗ್ರೂಪ್ ಫೋಟೋ ತೆಗೆಯಬೇಡಿ. ಅಂಚಿನಲ್ಲಿ ನಿಂತವರು ಅಗಲಕ್ಕೆ ಎಳೆದ ಹಾಗೆ ಕಾಣುತ್ತಾರೆ. ಆಮೇಲೆ ಚಿಕ್ಕಮ್ಮಂದಿರು ಬೇಜಾರು ಮಾಡಿಕೊಳ್ಳುತ್ತಾರೆ, ಅವರ ತಪ್ಪೇನೂ ಇರುವುದಿಲ್ಲ. 1 ಅಂತ ಇರುವ ಲೆನ್ಸ್ ಸಾಕು. ಜಾಗ ಸಾಲದಿದ್ದರೆ ನೀವು ನಾಲ್ಕು ಹೆಜ್ಜೆ ಹಿಂದೆ ಹೋಗಿ. ಫೋನ್ ಅಡ್ಡ ಹಿಡಿಯಿರಿ, ನಿಂತವರ ಎದೆಯ ಮಟ್ಟದಲ್ಲಿರಲಿ. ಮೇಲಕ್ಕೋ ಕೆಳಕ್ಕೋ ಬಾಗಿಸಬೇಡಿ.

ಮತ್ತೆ ಪಾದ. ಹಿರಿಯರು ಜರಿ ಅಂಚಿನ ಸೀರೆ ಉಟ್ಟು ಬಂದಿರುತ್ತಾರೆ, ಸೀರೆಯ ಅಂಚು, ಪಾದ ಪೂರ್ತಿ ಬರಲಿ. ಇಲ್ಲದಿದ್ದರೆ ಫ್ರೇಮನ್ನು ಮಂಡಿಗಿಂತ ಮೇಲೆ ಮುಗಿಸಿ. ಕಾಲಿನ ಗಂಟು, ಮಂಡಿ, ಮಣಿಕಟ್ಟು, ಇಂಥ ಕೀಲಿರುವ ಕಡೆ ಫ್ರೇಮ್ ಮುಗಿದರೆ ಕತ್ತರಿಸಿದ ಹಾಗೆ ಕಾಣುತ್ತದೆ.

ಅದೇ ಸದಸ್ಯರು: ತುಂಬಾ ಥ್ಯಾಂಕ್ಸ್ ಮೇಡಂ. ಆದರೆ ಮನೆ ಒಳಗೆ ಕತ್ತಲೆ, ಅಂಗಳದಲ್ಲಿ ಮಧ್ಯಾಹ್ನ ಸುಡುಬಿಸಿಲು. ಎಲ್ಲಿ ಕೂರಿಸಲಿ?

ಉತ್ತರ: ಜಗಲಿ ಇದೆಯಾ? ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಬಿಸಿಲು ತಾಗದ ಹಾಗೆ ಜಗಲಿಯ ಅಂಚಿಗೆ ಹತ್ತಿರ ಕೂರಿಸಿ, ಮುಖ ಅಂಗಳದ ಕಡೆ ಇರಲಿ. ನೀವು ಅಂಗಳದಲ್ಲಿ ನಿಂತು ತೆಗೆಯಿರಿ. ಹೊರಗಿನ ಬೆಳಕು ಎಲ್ಲರ ಮುಖಕ್ಕೂ ಸಮನಾಗಿ ಬೀಳುತ್ತದೆ, ಕಣ್ಣಲ್ಲಿ ಹೊಳಪೂ ಬರುತ್ತದೆ. ನೆತ್ತಿ ಮೇಲಿನ ಬಿಸಿಲಿನಲ್ಲಿ ನಿಲ್ಲಿಸಿದರೆ ಕಣ್ಣಿನ ಗುಳಿ ಕಪ್ಪಾಗುತ್ತದೆ, ಎಲ್ಲರೂ ಹುಬ್ಬು ಗಂಟಿಕ್ಕುತ್ತಾರೆ.

ಮರದ ನೆರಳು ಅಂದುಕೊಂಡಷ್ಟು ಒಳ್ಳೆಯದಲ್ಲ. ಎಲೆಗಳ ಸಂದಿಯಿಂದ ಬಿಸಿಲು ತೂರಿ ಮುಖದ ಮೇಲೆ ಚುಕ್ಕೆ ಚುಕ್ಕೆ ಬೀಳುತ್ತದೆ. ಅಂಗಳಕ್ಕೆ ಶಾಮಿಯಾನ ಹಾಕಿಸುತ್ತಿದ್ದರೆ ಬಿಳಿ ಬಟ್ಟೆಯದ್ದೇ ಹೇಳಿ. ಕೆಂಪು, ಹಳದಿ ಶಾಮಿಯಾನದ ಕೆಳಗೆ ಆ ಬಣ್ಣವೇ ಎಲ್ಲರ ಮುಖಕ್ಕೂ ಬರುತ್ತದೆ, ಆಮೇಲೆ ಎಷ್ಟು ಎಡಿಟ್ ಮಾಡಿದರೂ ಪೂರ್ತಿ ಹೋಗುವುದಿಲ್ಲ.

ಗ್ರೂಪ್ ಫೋಟೋವನ್ನು ಊಟಕ್ಕೆ ಮುಂಚೆಯೇ ತೆಗೆದುಬಿಡಿ. ಊಟ ಆದ ಮೇಲೆ ಅರ್ಧ ಜನ ಸಿಗುವುದಿಲ್ಲ.

ಪ್ರಶ್ನೆ: ಮೇಡಂ, ಗ್ರಿಡ್ ಹಾಕಿಕೊಂಡು ಮಧ್ಯದಲ್ಲಿ ಇಡಬಾರದು, ಪಕ್ಕದ ಗೆರೆಯ ಮೇಲೆ ಇಡಬೇಕು ಅಂತ ಎಲ್ಲಾ ವಿಡಿಯೋದಲ್ಲೂ ಹೇಳುತ್ತಾರೆ. ನೀವು ಅಜ್ಜಿಯನ್ನು ಮಧ್ಯದಲ್ಲೇ ಕೂರಿಸಿ ಅಂತೀರಲ್ಲ?

ಉತ್ತರ: ಒಳ್ಳೆಯ ಪ್ರಶ್ನೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಗ್ರಿಡ್ ಆನ್ ಮಾಡಿದರೆ ಎರಡು ಅಡ್ಡ ಗೆರೆ, ಎರಡು ಉದ್ದ ಗೆರೆ ಬಂದು ಸ್ಕ್ರೀನ್ 9 ಭಾಗ ಆಗುತ್ತದೆ. ಒಬ್ಬರು ಏನೋ ಮಾಡುತ್ತಿದ್ದಾಗ, ಎಲ್ಲೋ ನೋಡುತ್ತಿದ್ದಾಗ ಅವರನ್ನು ಪಕ್ಕದ ಗೆರೆಯ ಮೇಲೆ ಇಡಿ. ಅವರು ನೋಡುತ್ತಿರುವ ಕಡೆ ಜಾಗ ಬಿಡಿ. ಅಮ್ಮ ಬಲಕ್ಕೆ ತಿರುಗಿ ಹೂ ಕಟ್ಟುತ್ತಿದ್ದರೆ ಅವರು ಎಡಗಡೆ ಗೆರೆಯಲ್ಲಿರಲಿ, ಬಲಗಡೆ ಹೂವಿನ ಬುಟ್ಟಿ, ಕಿಟಕಿ ಬರಲಿ.

ಎಲ್ಲರೂ ಕ್ಯಾಮೆರಾ ನೋಡಿಕೊಂಡು ಕೂತ ಗ್ರೂಪ್ ಫೋಟೋಗೆ ಮಧ್ಯವೇ ಸರಿ. ಅಲ್ಲಿ ಸುಮ್ನೆ ಪಕ್ಕಕ್ಕೆ ಸರಿಸಿದರೆ ಒಂದು ಕಡೆ ಖಾಲಿ ಬಿದ್ದ ಹಾಗಿರುತ್ತದೆ. ಒಬ್ಬರದೇ ಹತ್ತಿರದ ಫೋಟೋ ಆದರೆ ಕಣ್ಣು ಮೇಲಿನ ಅಡ್ಡ ಗೆರೆಯ ಹತ್ತಿರ ಇರಲಿ. ತುಂಬಾ ಜನ ಮುಖವನ್ನು ಸರಿಯಾಗಿ ನಡುವಿಗೆ ತರುತ್ತಾರೆ, ಆಗ ತಲೆಯ ಮೇಲೆ ಬರೀ ಗೋಡೆ ಉಳಿಯುತ್ತದೆ.

ಪ್ರಶ್ನೆ: ಅಕ್ಕಾ, ನನ್ನ ಮಗಳಿಗೆ 2 ವರ್ಷ. ಒಂದು ಕಡೆ ನಿಲ್ಲಲ್ಲ. ಎಲ್ಲಾ ಫೋಟೋದಲ್ಲೂ ತಲೆ ಮಾತ್ರ ಬರುತ್ತೆ.

ಉತ್ತರ: ನೀವು ನಿಂತುಕೊಂಡು ತೆಗೆಯುತ್ತಿದ್ದೀರಿ ಅಲ್ವಾ? ನೆಲದ ಮೇಲೆ ಕೂತುಬಿಡಿ. ಅವಳ ಕಣ್ಣಿನ ಮಟ್ಟಕ್ಕೆ ಫೋನ್ ತನ್ನಿ. ಇಷ್ಟಕ್ಕೇ ಫೋಟೋ ಪೂರ್ತಿ ಬದಲಾಗುತ್ತದೆ. ಮೇಲಿನಿಂದ ತೆಗೆದರೆ ಹಿಂದೆ ಬರೀ ನೆಲ ಇರುತ್ತದೆ, ಕೂತು ತೆಗೆದರೆ ಅವಳ ಲೋಕ ಕಾಣುತ್ತದೆ.

"ಇಲ್ಲಿ ನೋಡು, ಇಲ್ಲಿ ನೋಡು" ಅಂತ ಕರೆಯಬೇಡಿ. ಕಿಟಕಿಯ ಹತ್ತಿರ ಒಂದು ಸ್ಟೀಲ್ ಡಬ್ಬಿ, ಎರಡು ಸ್ಪೂನ್ ಕೊಟ್ಟು ಬಿಡಿ. ಬೆಳಕು ಪಕ್ಕದಿಂದ ಬೀಳುತ್ತದೆ, ಮಗು ಕೆಲಸದಲ್ಲಿ ಮುಳುಗಿರುತ್ತದೆ. ಬಟನ್ ಒತ್ತಿ ಹಿಡಿದೋ ಎಳೆದೋ ಬರ್ಸ್ಟ್‌ನಲ್ಲಿ, ಅಂದರೆ ಒಂದರ ಹಿಂದೊಂದು ಸರಸರ ತೆಗೆದು, ಆಮೇಲೆ ಚೆನ್ನಾಗಿರುವ ಒಂದನ್ನು ಇಟ್ಟುಕೊಳ್ಳಿ. ಫೋನ್ ಮುಖಕ್ಕೆ ತೀರಾ ಹತ್ತಿರ ಹಿಡಿಯಬೇಡಿ, ಮೂಗು ದೊಡ್ಡದಾಗಿ ಬರುತ್ತದೆ. ನಾಲ್ಕೈದು ಅಡಿ ದೂರ ಕೂತು 2 ಒತ್ತಿ ತೆಗೆಯಿರಿ.

ಪ್ರಶ್ನೆ: ನಮ್ಮದು ಚಿಕ್ಕ ಮನೆ. ಹಾಲ್‌ನಲ್ಲಿ ಎಲ್ಲಿ ನಿಲ್ಲಿಸಿದರೂ ಹಿಂದೆ ಕ್ಯಾಲೆಂಡರ್, ಟಿವಿ, ಟ್ಯೂಬ್‌ಲೈಟ್. ಏನು ಮಾಡಲಿ?

ಉತ್ತರ: ಬಟನ್ ಒತ್ತುವ ಮುಂಚೆ ಫ್ರೇಮಿನ ನಾಲ್ಕು ಮೂಲೆಗಳನ್ನು ಒಮ್ಮೆ ನೋಡಿ. ಆಮೇಲೆ ತಲೆಯ ಹಿಂದೆ ನೋಡಿ. ಟ್ಯೂಬ್‌ಲೈಟ್ ತಲೆಯಿಂದ ಹೊರಟ ಹಾಗೆ ಕಂಡರೆ ನೀವೇ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ನಿಂತವರನ್ನು ಗೋಡೆಯಿಂದ ಮೂರು ಅಡಿಯಾದರೂ ಮುಂದಕ್ಕೆ ಕರೆಯಿರಿ. ಗೋಡೆಗೆ ಒರಗಿ ನಿಂತರೆ ಫ್ಲ್ಯಾಶ್ ಹಾಕಿದಾಗ ಹಿಂದೆ ಕಪ್ಪು ನೆರಳು ಬೀಳುತ್ತದೆ.

ಆದರೆ ಎಲ್ಲವನ್ನೂ ತೆಗೆದು ಖಾಲಿ ಮಾಡಬೇಡಿ. ದೇವರ ಮನೆ, ಅಜ್ಜನ ಹಳೇ ಗಡಿಯಾರ, ಹೊಲಿಗೆ ಮಷೀನು, ಇವು ನಿಮ್ಮ ಮನೆಯ ಗುರುತು. ಇರಲಿ.

ಚಿಕ್ಕ ಮನೆಯಲ್ಲೂ ಒಂದು ಒಳ್ಳೆಯ ಫ್ರೇಮ್ ಸಿದ್ಧವಾಗಿಯೇ ಇರುತ್ತದೆ: ಮುಂಬಾಗಿಲು. ಹಬ್ಬದ ದಿನ ಮಾವಿನ ತೋರಣ ಕಟ್ಟಿರುತ್ತೀರಿ, ಹೊಸಿಲಿಗೆ ಅರಿಶಿನ ಕುಂಕುಮ ಇಟ್ಟಿರುತ್ತೀರಿ, ಮುಂದೆ ರಂಗೋಲಿ. ಅಪ್ಪ ಅಮ್ಮ ಹೊಸಿಲಿನ ಒಳಗೆ ಒಂದು ಹೆಜ್ಜೆ ನಿಲ್ಲಲಿ. ನೀವು ಹೊರಗಿನಿಂದ, ಬಾಗಿಲಿಗೆ ನೇರವಾಗಿ ನಿಂತು ತೆಗೆಯಿರಿ. ಬಾಗಿಲಿನ ಚೌಕಟ್ಟಿನ ಎರಡೂ ಬದಿ ನೆಟ್ಟಗಿರಲಿ, ಗ್ರಿಡ್ ಗೆರೆ ಇದಕ್ಕೆ ತುಂಬಾ ಸಹಾಯ ಮಾಡುತ್ತದೆ. ಒಳಗೆ ಕತ್ತಲೆ ಇರುವುದರಿಂದ ಹಿಂದಿನ ಸಾಮಾನು ತಾನಾಗಿ ಮರೆಯಾಗುತ್ತದೆ, ಮುಖ ಎದ್ದು ಕಾಣುತ್ತದೆ.

ಪ್ರಶ್ನೆ: ಮೈಸೂರು ಅರಮನೆ ಮುಂದೆ ತೆಗೆದರೆ ನಾವು ಇರುವೆ ಹಾಗೆ ಕಾಣುತ್ತೇವೆ. ಹಂಪಿಯ ಕಲ್ಲಿನ ರಥದ ಹತ್ತಿರವೂ ಇದೇ ಕತೆ.

ಉತ್ತರ: ಎಲ್ಲರೂ ಅರಮನೆಯ ಹತ್ತಿರ ಹೋಗಿ ನಿಲ್ಲುತ್ತಾರೆ, ತೆಗೆಯುವವರು ಅರಮನೆ ಪೂರ್ತಿ ಬರಲಿ ಅಂತ ದೂರ ಹೋಗುತ್ತಾರೆ. ಅದನ್ನು ತಿರುಗಿಸಿ. ಅರಮನೆ ದೂರದಲ್ಲೇ ಇರಲಿ, ಮನೆಯವರು ನಿಮ್ಮ ಹತ್ತಿರ ಬರಲಿ. ಎಂಟು ಹತ್ತು ಅಡಿ ದೂರದಲ್ಲಿ, ಒಂದು ಪಕ್ಕಕ್ಕೆ ನಿಲ್ಲಿಸಿ ಸೊಂಟದಿಂದ ಮೇಲೆ ತೆಗೆಯಿರಿ. ಇನ್ನೊಂದು ಪಕ್ಕದಲ್ಲಿ ಅರಮನೆ ತುಂಬಿಕೊಳ್ಳಲಿ. ರಥಕ್ಕೂ ಇದೇ ಲೆಕ್ಕ. ರಥ ಇನ್ನೂ ದೊಡ್ಡದಾಗಿ ಕಾಣಬೇಕಾದರೆ ನೀವು ಹಿಂದೆ ಸರಿದು 2 ಒತ್ತಿ. ಜನ ಅಷ್ಟೇ ಗಾತ್ರ ಇರುತ್ತಾರೆ, ಹಿಂದಿನದು ದೊಡ್ಡದಾಗಿ ಹತ್ತಿರ ಬರುತ್ತದೆ.

ಭಾನುವಾರ ಸಂಜೆ ಅರಮನೆಗೆ ದೀಪ ಹಾಕಿದಾಗ ತೆಗೆಯುವುದಾದರೆ ಮುಖ ಕಪ್ಪಾಗುತ್ತದೆ. ಜೊತೆಗಿರುವವರು ಇನ್ನೊಂದು ಫೋನಿನ ಟಾರ್ಚನ್ನು ಪಕ್ಕದಿಂದ, ಸ್ವಲ್ಪ ದೂರದಿಂದ ಹಿಡಿಯಲಿ. ಕ್ಲಿಕ್ ಆಗುವವರೆಗೆ ಯಾರೂ ಅಲುಗಾಡಬಾರದು.

ಪ್ರಶ್ನೆ: ಫೋನಿನಲ್ಲಿ ಚೆನ್ನಾಗಿದ್ದ ಗ್ರೂಪ್ ಫೋಟೋ ಪ್ರಿಂಟ್ ಹಾಕಿಸಿದಾಗ ಹಿಂದೆ ನಿಂತ ದೊಡ್ಡಪ್ಪನ ತಲೆ ಕಟ್ ಆಗಿತ್ತು. ಯಾಕೆ?

ಉತ್ತರ: ಫೋನಿನ ಫೋಟೋ ಸಾಮಾನ್ಯವಾಗಿ 4:3 ಅಳತೆಯದ್ದು. 4x6 ಪ್ರಿಂಟ್ 3:2 ಅಳತೆಯದ್ದು, ಹಾಗಾಗಿ ಅಡ್ಡ ಫೋಟೋದಲ್ಲಿ ಮೇಲೆ ಕೆಳಗೆ ಸೇರಿ ನೂರಕ್ಕೆ ಸುಮಾರು 11 ಭಾಗ ಹೋಗುತ್ತದೆ. ತೆಗೆಯುವಾಗಲೇ ತಲೆಯ ಮೇಲೆ, ಪಾದದ ಕೆಳಗೆ ಸ್ವಲ್ಪ ಜಾಸ್ತಿ ಜಾಗ ಬಿಡಿ. ಈಗಾಗಲೇ ತೆಗೆದಿದ್ದರೆ ಸ್ಟುಡಿಯೋದಲ್ಲಿ 6x8 ಅಥವಾ 12x16 ಕೇಳಿ, ಅದು ಫೋನಿನ ಅಳತೆಗೇ ಹೊಂದುತ್ತದೆ. 4x6 ಬೇಕೇ ಬೇಕು ಅಂದರೆ ಪಕ್ಕದಲ್ಲಿ ಬಿಳಿ ಅಂಚು ಬಿಟ್ಟು ಪೂರ್ತಿ ಫೋಟೋ ಹಾಕಿಕೊಡಲು ಹೇಳಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಮಾಮೂಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ದೊಡ್ಡ ಪ್ರಿಂಟ್‌ನಲ್ಲಿ ಮುಖ ಮಸುಕಾಗುತ್ತದೆ.