ಸಾಕಿದ ಇಲಿ ಕಚ್ಚಿದರೆ, ಮಳೆಗಾಲದಲ್ಲಿ ಗೂಡು ಹೇಗಿರಬೇಕು: ಪಶುವೈದ್ಯರಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ಬಿಜೈ, ಮಂಗಳೂರು): ಡಾಕ್ಟ್ರೇ, ನಮಸ್ಕಾರ. ಎಂಟನೇ ಕ್ಲಾಸಿನ ಮಗ ಹಠ ಮಾಡಿ ಪೆಟ್ ಅಂಗಡಿಯಿಂದ ಎರಡು ಬಿಳಿ ಇಲಿ ತಂದಿದ್ದಾನೆ. ಗೂಡು ಅವನ ಕೋಣೆಯಲ್ಲೇ ಉಂಟು. ಮೊನ್ನೆ ಬಾಳೆಹಣ್ಣು ಕೊಡುವಾಗ ಒಂದು ಇಲಿ ತೋರುಬೆರಳಿಗೆ ಕಚ್ಚಿತು. ಸ್ವಲ್ಪ ರಕ್ತ ಬಂತು. ಈಗ ಗಾಯ ಒಣಗಿದೆ, ಜ್ವರ ಇಲ್ಲ. ಅತ್ತೆಗೆ ಭಾರೀ ಹೆದರಿಕೆ. ಪ್ಲೇಗ್ ಬರ್ತದೆ, ಇಲಿ ಜ್ವರ ಬರ್ತದೆ, ಇವತ್ತೇ ಹೊರಗೆ ಬಿಡಿ ಅಂತಾರೆ. ನಾದಿನಿ ಹೆರಿಗೆಗೆ ಇಲ್ಲಿಗೇ ಬರುವವಳು, ಈಗ ಏಳು ತಿಂಗಳು. ರೇಬೀಸ್ ಇಂಜೆಕ್ಷನ್ ಬೇಕಾ? ಇಲಿಗಳನ್ನು ಇಟ್ಟುಕೊಳ್ಳಬಹುದಾ?

ಉತ್ತರ (ಪಶುವೈದ್ಯರು, ಉಡುಪಿ): ನಮಸ್ಕಾರ ಮೇಡಂ. ಮೊದಲು ಮಗನ ಬೆರಳಿನ ವಿಷಯ. ಕಚ್ಚಿದ ಕೂಡಲೇ ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅದು ಆಗಿರಲಿ ಬಿಡಲಿ, ಒಮ್ಮೆ ನಿಮ್ಮ ಡಾಕ್ಟರಿಗೆ ತೋರಿಸಿ. ಟಿಟಿ ಬೇಕಾ ಅಂತ ಅವರು ನೋಡುತ್ತಾರೆ. ಗೂಡಿನಲ್ಲೇ ಬೆಳೆದ ಇಲಿಯಿಂದ ರೇಬೀಸ್ ಬರುವುದು ತೀರಾ ಅಪರೂಪ. ಸಾಮಾನ್ಯವಾಗಿ ಆ ಇಂಜೆಕ್ಷನ್ ಬೇಕಾಗುವುದಿಲ್ಲ.

ನನಗೆ ಅದಕ್ಕಿಂತ ಚಿಂತೆ ಇಲಿ ಕಡಿತದ ಜ್ವರದ್ದು. ಇದು ಅತ್ತೆಯವರು ಹೇಳುವ ಇಲಿ ಜ್ವರಕ್ಕಿಂತ (ಲೆಪ್ಟೊಸ್ಪೈರೋಸಿಸ್) ಬೇರೆ ಕಾಯಿಲೆ. ಆರೋಗ್ಯವಾಗಿರುವ ಇಲಿಯ ಬಾಯಿ, ಗಂಟಲಿನಲ್ಲೂ ಇದರ ಬ್ಯಾಕ್ಟೀರಿಯಾ ಇರುತ್ತದೆ. ಇಲಿಗೆ ಏನೂ ಆಗುವುದಿಲ್ಲ. ಕಚ್ಚಿದರೆ ಅಥವಾ ಪರಚಿದರೆ ನಮಗೆ ದಾಟಬಹುದು. ಎರಡು ಬಗೆ ಉಂಟು. ಒಂದರಲ್ಲಿ ಹೆಚ್ಚಾಗಿ 3ರಿಂದ 10 ದಿನದೊಳಗೆ ಚಳಿಜ್ವರ, ಗಂಟುನೋವು, ಅಂಗೈ ಅಂಗಾಲಿನಲ್ಲಿ ಕೆಂಪು ಗುಳ್ಳೆ ಬರುತ್ತವೆ. ಏಷ್ಯಾದಲ್ಲಿ ಹೆಚ್ಚು ಕಾಣುವ ಇನ್ನೊಂದು ನಿಧಾನ. ಅದರಲ್ಲಿ ಒಣಗಿದ ಗಾಯವೇ ಒಂದರಿಂದ ಮೂರು ವಾರದಲ್ಲಿ ಮತ್ತೆ ಊದಿ ಕೆಂಪಾಗುತ್ತದೆ, ಕಂಕುಳಲ್ಲಿ ಗಡ್ಡೆ ಬರುತ್ತದೆ. ಹಾಗಾಗಿ ಗಾಯ ಒಣಗಿತು ಅಂತ ಮರೆತುಬಿಡಬೇಡಿ. ಪೆನಿಸಿಲಿನ್‌ಗೆ ಚೆನ್ನಾಗಿ ಗುಣವಾಗುವ ಕಾಯಿಲೆ ಇದು. ಮದ್ದು ಮಾಡದೆ ಬಿಟ್ಟರೆ ಹತ್ತರಲ್ಲಿ ಒಬ್ಬರ ಜೀವ ತೆಗೆಯಬಹುದು. 2013ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಇಲಿ ಸಾಕಿದ್ದ 10 ವರ್ಷದ ಹುಡುಗ ಇದರಿಂದಲೇ ತೀರಿಕೊಂಡ. ಶುರುವಿಗೆ ಅದು ವಾಂತಿ ಭೇದಿಯ ಸಾಮಾನ್ಯ ಕಾಯಿಲೆಯ ಹಾಗೆ ಕಂಡಿತ್ತು.

ನಮ್ಮಲ್ಲಿ ಮಳೆಗಾಲದಲ್ಲಿ ಜ್ವರ ಬಂದರೆ ಡೆಂಗಿ, ಮಲೇರಿಯಾ, ಇಲಿ ಜ್ವರ ಅಂತ ಪರೀಕ್ಷೆ ಬರೆಯುತ್ತಾರೆ. ಆ ಪರೀಕ್ಷೆಗಳಲ್ಲಿ ಇಲಿ ಕಡಿತದ ಜ್ವರ ಕಾಣುವುದಿಲ್ಲ. "ಮನೆಯಲ್ಲಿ ಇಲಿ ಸಾಕಿದ್ದೇವೆ, ಇಂಥ ದಿನ ಕಚ್ಚಿತ್ತು" ಅಂತ ನೀವೇ ಬಾಯಿಬಿಟ್ಟು ಹೇಳಬೇಕು. ಡಾಕ್ಟರು ಅದನ್ನು ಊಹಿಸಲು ಆಗುವುದಿಲ್ಲ, ಅಲ್ವಾ? ನಾಚಿಕೆಯಿಂದ ಮುಚ್ಚಿಡುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಅತ್ತೆಯವರ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದದ್ದು ಹಿರಿಯರಿಗೆ ಕೇಳಿ ಗೊತ್ತು. 1994ರ ಸೂರತ್ ಪ್ಲೇಗಿನ ಸುದ್ದಿ ಎಲ್ಲರೂ ಓದಿದ್ದೇವೆ. ಆದರೆ ಪ್ಲೇಗ್ ಹೆಚ್ಚಾಗಿ ಹರಡುವುದು ಕಾಡು ಇಲಿ, ಊರ ಇಲಿಗಳ ಮೈಮೇಲಿನ ಚಿಗಟದಿಂದ. ಮನೆಯೊಳಗಿನ ಗೂಡಿನ ಇಲಿಯಿಂದ ಆ ಭಯ ಬೇಡ ಅಂತ ಅವರಿಗೆ ಹೇಳಿ. ಇಲಿ ಜ್ವರದ ಮಾತು ಮಾತ್ರ ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಅದರ ರೋಗಾಣು ಇಲಿಯ ಮೂತ್ರದಲ್ಲಿ ಬರುತ್ತದೆ. ಒದ್ದೆ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕುತ್ತದೆ, ಒಣಗಿದರೆ ಸಾಯುತ್ತದೆ. ಕರಾವಳಿಯ ಮಳೆಗಾಲ ಅದಕ್ಕೆ ಹೇಳಿ ಮಾಡಿಸಿದ ಕಾಲ.

ನಾದಿನಿಯ ವಿಷಯದಲ್ಲಿ ಮಾತ್ರ ನಾನು ಸಡಿಲ ಬಿಡುವುದಿಲ್ಲ. ಎಲ್‌ಸಿಎಂ ಅಂತ ಒಂದು ವೈರಸ್ ಉಂಟು. ಅದು ಹೆಚ್ಚಾಗಿ ಮನೆಗಳಲ್ಲಿ ಓಡಾಡುವ ಚಿಕ್ಕ ಜಾತಿಯ ಇಲಿಗಳದ್ದು, ಸಾಕಿದ ಪ್ರಾಣಿಗೂ ಅವುಗಳಿಂದ ಬರಬಹುದು. ಗರ್ಭಿಣಿಗೆ ತಗುಲಿದರೆ ಹೊಟ್ಟೆಯ ಮಗುವಿಗೆ ತೊಂದರೆ. ಅವರು ಇಲಿ ಮುಟ್ಟುವುದು, ಗೂಡು ತೊಳೆಯುವುದು ಬೇಡ. ಸಾಧ್ಯವಾದರೆ ಬಾಣಂತನ ಮುಗಿಯುವ ತನಕ ಇಲಿಗಳನ್ನು ಮಗನ ಗೆಳೆಯನ ಮನೆಯಲ್ಲಿ ಇಡಿ. ಐದು ವರ್ಷದೊಳಗಿನ ಮಕ್ಕಳು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು ಇರುವ ಮನೆಗೂ ಇಲಿ ಸರಿಯಲ್ಲ.

ಉಳಿದಂತೆ ಇಟ್ಟುಕೊಳ್ಳಬಹುದು. ಗೂಡನ್ನು ಮಲಗುವ ಕೋಣೆಯಿಂದ ಹೊರಗೆ ತನ್ನಿ. ಮುಟ್ಟಿದ ಮೇಲೆ ಪ್ರತಿ ಸಲ ಸೋಪಿನಲ್ಲಿ ಕೈ ತೊಳೆಯಲಿ. ಮುತ್ತು ಕೊಡುವುದು, ಬಾಯಿಂದ ತಿನ್ನಿಸುವುದು ಬೇಡವೇ ಬೇಡ. ಬೆರಳಿಗೆ ಹಣ್ಣಿನ ವಾಸನೆ ಇದ್ದರೆ ಇಲಿಗೆ ಬೆರಳು ಯಾವುದು, ಹಣ್ಣು ಯಾವುದು ಗೊತ್ತಾಗುವುದಿಲ್ಲ. ಹಣ್ಣನ್ನು ಚಿಕ್ಕ ಬಟ್ಟಲಲ್ಲಿ ಇಡಲಿ.

ಪ್ರಶ್ನೆ (ಕಾರ್ಕಳ ರಸ್ತೆ, ಉಡುಪಿ): ನಮ್ಮದು ಹಂಚಿನ ಮನೆ. ಅಟ್ಟದಲ್ಲಿ ಊರ ಇಲಿ ತುಂಬಾ. ರಾತ್ರಿ ಇಳಿದು ಬಂದು ಸಾಕಿದ ಇಲಿಯ ಗೂಡಿನ ಸುತ್ತ ಓಡಾಡುತ್ತವೆ. ಪಾಷಾಣ ಇಡಬಹುದಾ?

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಥ್ಯಾಂಕ್ಸ್. ನಮ್ಮ ಊರಿನಲ್ಲಿ ನಿಜವಾದ ಅಪಾಯ ಇರುವುದೇ ಇಲ್ಲಿ. ಸಾಕಿದ ಇಲಿ ಒಳಗೇ ಬೆಳೆದು, ಒಳಗೇ ಇದ್ದರೆ ಕಾಯಿಲೆಯ ಸಾಧ್ಯತೆ ಕಡಿಮೆ. ಹೊರಗಿನ ಇಲಿಯ ಮೂತ್ರ ಬಿದ್ದ ಮರದ ಹುಡಿಯೋ, ಆಹಾರವೋ ಗೂಡಿಗೆ ಹೋಯಿತೆಂದರೆ ಲೆಕ್ಕವೇ ಬದಲು.

ಪಾಷಾಣ ಬೇಡ. ಅಂಗಡಿಯಲ್ಲಿ ಸಿಗುವ ಬ್ರೋಮಾಡಿಯೋಲೋನ್ ಕೇಕ್ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ, ಪರಿಣಾಮ ಕೆಲವು ದಿನ ಬಿಟ್ಟು ಕಾಣುತ್ತದೆ. ಊರ ಇಲಿ ಅದರ ತುಂಡನ್ನು ಗೂಡಿನ ಹತ್ತಿರ ಎಳೆದು ತರಬಹುದು. ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ತಿಂದದ್ದು ಹೊಟ್ಟೆಯಲ್ಲೇ ಉಳಿಯುತ್ತದೆ. ತಿಂದಿದೆ ಅಂತ ಅನುಮಾನ ಬಂದರೆ ಅದೇ ದಿನ ಕರೆದುಕೊಂಡು ಬನ್ನಿ, ವಿಟಮಿನ್ ಕೆ1 ಕೊಟ್ಟು ಉಳಿಸುವ ಅವಕಾಶ ಇರುತ್ತದೆ. ಅಟ್ಟದ ಇಲಿಗೆ ಬೋನು ಇಡಿ.

ಗೂಡನ್ನು ಹಂಚಿನ ಕೆಳಗೆ ಇಡಬೇಡಿ, ತಾರಸಿ ಇರುವ ಕೋಣೆ ಇದ್ದರೆ ಅಲ್ಲಿ ಇಡಿ. ನೆಲದಿಂದ ಎತ್ತರದಲ್ಲಿ ಇರಲಿ. ಕಾಳು, ಆಹಾರ ಬಿಗಿ ಮುಚ್ಚಳದ ಡಬ್ಬಿಯಲ್ಲಿರಲಿ. ಮರದ ಹುಡಿಯನ್ನು ಗೋಣಿಯಲ್ಲಿ ಕೊಟ್ಟಿಗೆಯಲ್ಲಿ ಇಡುವವರು ಜಾಸ್ತಿ. ಊರ ಇಲಿಗೆ ಅದು ಒಳ್ಳೆಯ ಹಾಸಿಗೆ! ಬದಲಿಗೆ ಹರಿದ ಪೇಪರ್ ಹಾಕಿ, ಮಳೆಗಾಲದಲ್ಲಿ ಬೂಸ್ಟು ಬರುವ ಮೊದಲೇ ಬದಲಿಸಬಹುದು.

ತೊಳೆಯುವಾಗ ಒಣಗಿದ ಹಿಕ್ಕೆಯನ್ನು ಪೊರಕೆಯಲ್ಲಿ ಗುಡಿಸಬೇಡಿ, ಧೂಳು ಮೂಗಿಗೆ ಹೋಗುತ್ತದೆ. 2017ರಲ್ಲಿ ಅಮೆರಿಕದ 11 ರಾಜ್ಯಗಳಲ್ಲಿ ಸಾಕಿದ ಇಲಿಗಳಲ್ಲಿ ಸಿಯೋಲ್ ಅಂತ ಒಂದು ವೈರಸ್ (ಮನುಷ್ಯರಿಗೆ ಜ್ವರ, ಕೆಲವರಿಗೆ ಕಿಡ್ನಿ ತೊಂದರೆ ತರುವಂಥದ್ದು) ಸಿಕ್ಕಿತು, ಸಾಕಿದವರಿಗೂ ತಗುಲಿತು. ಅದು ಇಂಥ ಧೂಳಿನಿಂದಲೂ ಬರುತ್ತದೆ. ಕೈಗವಸು ಹಾಕಿ, ಮೊದಲು ಸೋಪುನೀರಿನಲ್ಲಿ ನೆನೆಸಿ ತೊಳೆಯಿರಿ. ಆಮೇಲೆ ಒಂದು ಪಾಲು ಬ್ಲೀಚ್‌ಗೆ ಹತ್ತು ಪಾಲು ನೀರು ಬೆರೆಸಿ ಒರೆಸಿ. ಮೂತ್ರ ಇರುವಾಗಲೇ ಬ್ಲೀಚ್ ಸುರಿದರೆ ಕಣ್ಣು, ಗಂಟಲು ಉರಿಸುವ ಗ್ಯಾಸ್ ಏಳುತ್ತದೆ. ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ.

ಪ್ರಶ್ನೆ (ಮಣಿಪಾಲ, ವಿದ್ಯಾರ್ಥಿನಿ): ಸರ್, ನನ್ನ ಇಲಿಯ ಕಣ್ಣು, ಮೂಗಿನ ಹತ್ತಿರ ಕೆಂಪಗೆ ರಕ್ತದ ಹಾಗೆ ಒಣಗಿದೆ. ಸೀನುತ್ತದೆ. ನನಗೆ ಹರಡುತ್ತದಾ?

ಉತ್ತರ: ಅದು ರಕ್ತ ಅಲ್ಲಮ್ಮ. ಪೋರ್ಫಿರಿನ್ ಅಂತ, ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುವ ಕೆಂಪು ದ್ರವ. ಒದ್ದೆ ಹತ್ತಿಯಿಂದ ಒರೆಸಿದರೆ ನಸುಗೆಂಪಾಗಿ ಹೋಗುತ್ತದೆ. ಇಲಿಗೆ ಸುಖವಿಲ್ಲ ಎನ್ನುವುದರ ಗುರುತು ಅದು. ಹೆಚ್ಚಾಗಿ ಇಲಿಗಳಿಗೆ ಉಸಿರಾಟದ ಕಾಯಿಲೆ ತರುವ ಮೈಕೋಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ. ಇಲಿಯಿಂದ ಇಲಿಗೆ ಹರಡುತ್ತದೆ, ನಿನಗೆ ಬರುವುದಿಲ್ಲ. ಇಲಿಯ ಬೆನ್ನನ್ನು ಕಿವಿಯ ಹತ್ತಿರ ಹಿಡಿದು ಕೇಳು. ಉಸಿರಿನಲ್ಲಿ ಟಿಕ್ ಟಿಕ್ ಅಥವಾ ಗೊರಗೊರ ಸದ್ದಿದ್ದರೆ ಇವತ್ತೇ ತೋರಿಸು. ಎಲ್ಲ ಪಶುವೈದ್ಯರೂ ಇಲಿ ನೋಡುವುದಿಲ್ಲ, ಮೊದಲು ಫೋನ್ ಮಾಡಿ ಕೇಳು. ನಮ್ಮ ಶೀತದ ಮಾತ್ರೆ ಕೊಡಬೇಡ. ಗೂಡು ಮೂತ್ರದ ವಾಸನೆ ಹೊಡೆಯುತ್ತಿದ್ದರೆ ಎಂಥ ಮದ್ದೂ ನಾಟುವುದಿಲ್ಲ. ಇನ್ನು, ರಜೆಗೆ ಊರಿಗೆ ಹೋಗುವಾಗ ಯಾರು ನೋಡಿಕೊಳ್ಳುತ್ತಾರೆ ಅಂತ ಈಗಲೇ ಮಾತಾಡಿಕೊ. ಕಾಲೇಜು ಮುಗಿದ ಮೇಲೆ ಬಾಡಿಗೆ ಕೋಣೆಯಲ್ಲಿ ಬಿಟ್ಟುಹೋಗುವ ಇಲಿಗಳನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಪ್ರಶ್ನೆ (ಪುತ್ತೂರು ಕಡೆಯವರು, ಈಗ ಮಂಗಳೂರು): ಎರಡೂ ಗಂಡು ಅಂತ ಕೊಟ್ಟಿದ್ದರು. ಈಗ ಗೂಡಿನ ತುಂಬ ಮರಿ. ಅಷ್ಟನ್ನು ಸಾಕಲು ಆಗುವುದಿಲ್ಲ. ಊರಿನ ತೋಟಕ್ಕೆ ಬಿಟ್ಟರೆ ಬದುಕಿಕೊಳ್ಳುತ್ತವಾ?

ಉತ್ತರ: ಬದುಕುವುದಿಲ್ಲ. ಬಿಳಿ ಇಲಿ ತೋಟದಲ್ಲಿ ಬೆಕ್ಕು, ಕೆಂಬೂತ, ಹಾವಿನ ಪಾಲು. ಒಂದೆರಡು ಉಳಿದರೆ ಊರ ಇಲಿಯೊಂದಿಗೆ ಸೇರುತ್ತವೆ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೂ ಹೌದು.

ಇವತ್ತೇ ಗಂಡನ್ನು ಬೇರೆ ಗೂಡಿಗೆ ಹಾಕಿ. ಹೆತ್ತ ದಿನವೇ ಹೆಣ್ಣು ಮತ್ತೆ ಗರ್ಭ ಧರಿಸಬಲ್ಲದು, 21ರಿಂದ 23 ದಿನಕ್ಕೆ ಇನ್ನೊಂದು ಸೂಲು. ಮರಿಗಳಲ್ಲಿ ಗಂಡುಗಳನ್ನು ಐದನೇ ವಾರಕ್ಕೆ ಬೇರೆ ಮಾಡಿ. ಗೊತ್ತಾಗದಿದ್ದರೆ ಮರಿಗಳನ್ನು ತನ್ನಿ, ಬಾಲದ ಬುಡದಲ್ಲಿ ನೋಡಿ ಹೇಳುತ್ತೇನೆ. ಆಮೇಲೆ ಒಂದೊಂದೇ ಕೊಡಬೇಡಿ, ಒಂಟಿ ಇಲಿ ಸೊರಗುತ್ತದೆ. ಒಂದೇ ಲಿಂಗದ ಜೋಡಿ ಮಾಡಿ, ಗುರುತಿನವರಿಗೆ ಕೊಡಿ. ಪೆಟ್ ಅಂಗಡಿಗಳು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು ಅಂತ 2018ರ ನಿಯಮ ಉಂಟು. ಮುಂದಿನ ಸಲ ಅಂಗಡಿಯಲ್ಲಿ ಅದನ್ನು ಕೇಳಿ.

ಬಿಜೈಯವರು ಮತ್ತೆ: ಡಾಕ್ಟ್ರೇ, ನಾದಿನಿ ಬರುವ ಮೊದಲು ಇಲಿಗಳನ್ನು ಮಗನ ಗೆಳೆಯನ ಮನೆಗೆ ಕಳಿಸುತ್ತೇವೆ. ಮಗನನ್ನು ಎಷ್ಟು ದಿನ ನೋಡುತ್ತಿರಬೇಕು? ಗೆಳೆಯನ ಮನೆಯವರಿಗೆ ಕಚ್ಚಿದ್ದು ಹೇಳಬೇಕಾ?

ಉತ್ತರ: ಕಚ್ಚಿದ ದಿನದಿಂದ ಮೂರು ವಾರ ಪೂರ್ತಿ ನೋಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಗುರುತು ಹಾಕಿ. ಜ್ವರ, ಗಂಟುನೋವು, ಗುಳ್ಳೆ, ಬೆರಳು ಊದುವುದು, ಯಾವುದು ಕಂಡರೂ ಮನೆಯಲ್ಲಿ ಪ್ಯಾರಾಸಿಟಮಾಲ್ ಕೊಟ್ಟು ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಗೆಳೆಯನ ಮನೆಯವರಿಗೆ ಖಂಡಿತ ಹೇಳಿ, ಯಾವ ಇಲಿ ಕಚ್ಚಿತು ಅಂತ ತೋರಿಸಿಯೇ ಕೊಡಿ. ಅಲ್ಲಿ ಚಿಕ್ಕ ಮಕ್ಕಳು, ಗರ್ಭಿಣಿಯರು ಇದ್ದಾರಾ ಅಂತಲೂ ಮೊದಲೇ ಕೇಳಿಕೊಳ್ಳಿ.