ಸಹಾಯ ಬೇಕು: ನ್ಯೂಜೆರ್ಸಿಯಲ್ಲಿ ಹೋಟೆಲ್ ಬೋರ್ಡಿಗೆ ವೇರಿಯನ್ಸ್ (ನಿಯಮದಿಂದ ವಿನಾಯಿತಿ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಂಗಡಿ, ಹೋಟೆಲ್ ಇಟ್ಟಿರೋರು ದಯವಿಟ್ಟು ಓದಿ.

ನಮ್ಮದು ಚಿಕ್ಕ ತಿಂಡಿ ಹೋಟೆಲ್. ಕಟ್ಟಡ ರಸ್ತೆಯಿಂದ ಒಳಗಿದೆ, ಎದುರಿಗೆ ದೊಡ್ಡ ಓಕ್ ಮರ. ಊರಿನ ನಿಯಮದಲ್ಲಿ ಬೋರ್ಡು 20 ಚದರ ಅಡಿ ದಾಟಬಾರದು. ಆ ಅಳತೆಗೆ ರಟ್ಟು ಕತ್ತರಿಸಿ ಗೋಡೆಗೆ ಅಂಟಿಸಿ ನೋಡಿದೆ. ‘ದೋಸೆ’ ಅಂತ ಕಾಣೋ ಹೊತ್ತಿಗೆ ಕಾರು ಮುಂದೆ ಹೋಗಿರುತ್ತೆ. 36 ಚದರ ಅಡಿ ಕೇಳಿ ಝೋನಿಂಗ್ ಬೋರ್ಡಿಗೆ, ಅಂದರೆ ಇಂಥ ವಿನಾಯಿತಿ ಕೊಡೋ ಊರಿನ ಸಮಿತಿಗೆ, ಅರ್ಜಿ ಹಾಕಿದ್ದೀವಿ. ಬೋರ್ಡಿಗಾಗಿ ಬೋರ್ಡಿನ ಮುಂದೆ ನಿಲ್ಲೋ ಯೋಗ!

‘ವ್ಯಾಪಾರ ಕಮ್ಮಿ’ ಅನ್ನೋ ಗೋಳು ಅಲ್ಲಿ ನಡೆಯಲ್ಲವಂತೆ. ತೊಂದರೆ ಜಾಗದ್ದೇ ಆಗಿರಬೇಕು: ಅದರ ಆಕಾರ, ಏರುತಗ್ಗು, ಇಲ್ಲಾ ಅಲ್ಲಿ ಮೊದಲೇ ಇರೋ ಕಟ್ಟಡ. ಕಾನೂನಿನಲ್ಲಿ ಇದಕ್ಕೆ ಸಿ-1 ಅಂತಾರೆ. ಇಲ್ಲವೇ ವಿನಾಯಿತಿಯಿಂದ ಊರಿಗೆ ಆಗೋ ಲಾಭ ಹಾನಿಗಿಂತ ಹೆಚ್ಚು ಅಂತ ತೋರಿಸಬೇಕು, ಅದು ಸಿ-2. ಯಾವುದೇ ಆದರೂ ನೆರೆಹೊರೆಗೆ, ಊರಿನ ಯೋಜನೆಗೆ ಹೇಳಿಕೊಳ್ಳುವಂಥ ಧಕ್ಕೆ ಇಲ್ಲ ಅಂತ ನಾವೇ ಸಾಬೀತು ಮಾಡಬೇಕು. 200 ಅಡಿಯೊಳಗಿನ ಮಾಲೀಕರಿಗೆಲ್ಲ ನೋಟಿಸ್ ಕಳಿಸಿದ್ದಾಯ್ತು. ವಿಚಾರಣೆಗೆ ಕನಿಷ್ಠ 10 ದಿನ ಮೊದಲೇ ಕೊಡಬೇಕು.

ಕಂಪನಿ ಹೆಸರಿನ ಅರ್ಜಿ, ಹಾಗಾಗಿ ವಕೀಲರು ಇದ್ದಾರೆ. ಆದರೂ ಅನುಭವಿಸಿದವರ ಮಾತೇ ಬೇರೆ. ‘ಡ್ರೈವರ್‌ಗಳು ಹುಡುಕುತ್ತಾ ಬ್ರೇಕ್ ಹಾಕೋದು ತಪ್ಪುತ್ತೆ’ ಅಂತ ಸಿ-2 ವಾದ ಮಾಡಿ ಗೆದ್ದವರಿದ್ದೀರಾ? ಪ್ಲಾನರ್ (ನಗರ ಯೋಜನೆ ತಜ್ಞರು) ಸಾಕ್ಷಿ ಬೇಕೇ ಬೇಕಾ, ಫೋಟೋ ಸಾಕಾ? ಪಕ್ಕದ ಮನೆ ಅಜ್ಜಿ ಬೆಳಕು ಕಿಟಕಿಗೆ ಹೊಡೆಯುತ್ತೆ ಅಂತಿದ್ದಾರೆ, ಅದೂ ನ್ಯಾಯವೇ. ರಾತ್ರಿ 10ಕ್ಕೆ ದೀಪ ಆರಿಸ್ತೀವಿ ಅಂತ ನಾವೇ ಮೊದಲು ಹೇಳಿಬಿಡಲಾ, ಸಮಿತಿಯವರು ಕೇಳೋವರೆಗೂ ಕಾಯಲಾ?

ಮುಂದಿನ ಗುರುವಾರ ಸಂಜೆ ವಿಚಾರಣೆ. ಮೆಸೇಜ್ ಮಾಡಿದರೂ ಸರಿ.