ನಾಲ್ಕನೇ ಲ್ಯಾಪ್‌ಗೆ ಬ್ರೇಕ್ ಲಿವರ್ ಮೆತ್ತಗಾಯಿತು, ಯಾಕೆ?

ಮಂಡ್ಯ ಹುಡುಗ:
ಅಣ್ಣಂದಿರಾ, ಹೋದ ತಿಂಗಳು ಚೆನ್ನೈ ಹತ್ತಿರದ ಇರುಂಗಟ್ಟುಕೋಟೈ ರೇಸ್ ಟ್ರ್ಯಾಕ್‌ಗೆ ಬೈಕ್ ತಗೊಂಡು ಮೊದಲ ಸಲ ಹೋಗಿದ್ದೆ. 3.7 ಕಿ.ಮೀ., 12 ತಿರುವು. ಮೂರು ಲ್ಯಾಪ್ ಚೆನ್ನಾಗಿ ಓಡಿಸಿದೆ. ನಾಲ್ಕನೇದರಲ್ಲಿ ಬ್ರೇಕ್ ಹಿಡಿದರೆ ಲಿವರ್ ಹ್ಯಾಂಡಲ್‌ವರೆಗೂ ಬಂದುಬಿಟ್ಟಿತು! ಗೇರ್ ಇಳಿಸಿಕೊಂಡು ಮಣ್ಣಿಗೆ ಹೋಗಿ ನಿಂತೆ, ಪುಣ್ಯಕ್ಕೆ ಬೀಳಲಿಲ್ಲ. ಅರ್ಧ ಗಂಟೆ ಬಿಟ್ಟು ನೋಡಿದರೆ ಲಿವರ್ ಸರಿಯಾಗಿದೆ. ಬ್ರೇಕ್ ಪ್ಯಾಡ್ ಹೊಸದು. ಚಾಮುಂಡಿ ಬೆಟ್ಟ ಎಷ್ಟು ಸಲ ಇಳಿದಿದ್ದೇನೆ, ಒಂದು ದಿನವೂ ಹೀಗಾಗಿಲ್ಲ.

ಯಾದವಗಿರಿ ಮೆಕ್ಯಾನಿಕ್:
ತಮ್ಮಾ, ಹುಷಾರಾಗಿ ವಾಪಸ್ ಬಂದೆಯಲ್ಲ, ಮೊದಲು ಅದು ಸಮಾಧಾನ. ಪ್ಯಾಡ್ ಕಾದಿದ್ದರೆ ಲಿವರ್ ಗಟ್ಟಿಯಾಗೇ ಇರುತ್ತಿತ್ತು, ಬೈಕ್ ಮಾತ್ರ ನಿಲ್ಲುತ್ತಿರಲಿಲ್ಲ. ನಿನ್ನದು ಮೆತ್ತಗಾಗಿದೆ, ಅಂದರೆ ಬ್ರೇಕ್ ಆಯಿಲ್ ಕುದಿದಿದೆ. ಕುದಿದಲ್ಲಿ ಆವಿಯ ಗುಳ್ಳೆ ಏಳುತ್ತದೆ. ನೀನು ಎಷ್ಟು ಒತ್ತಿದರೂ ಗುಳ್ಳೆ ಅಮುಕಿಕೊಳ್ಳುತ್ತದೆ ಅಷ್ಟೆ, ಪ್ಯಾಡ್‌ಗೆ ಒತ್ತಡ ಹೋಗುವುದಿಲ್ಲ. ತಣ್ಣಗಾದ ಮೇಲೆ ಸರಿಹೋಗುತ್ತದೆ. ಅದನ್ನು ನಂಬಿ ಮತ್ತೆ ಟ್ರ್ಯಾಕ್‌ಗೆ ಇಳಿಯಬೇಡ.

ಆಯಿಲ್ ಬದಲಾಯಿಸಿ ಎಷ್ಟು ದಿನ ಆಯಿತು? ಅದು ಗಾಳಿಯಲ್ಲಿರುವ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯದೆ ತಡೆಯುತ್ತದೆ. ತೇವ ಸೇರಿದರೆ 155ರ ಆಸುಪಾಸಿಗೇ ಕುದಿಯಬಹುದು.

ಬೆಟ್ಟ ಬೇರೆ, ಟ್ರ್ಯಾಕ್ ಬೇರೆ. ವೇಗ ಎರಡು ಪಟ್ಟಾದರೆ ಬ್ರೇಕ್ ನುಂಗಬೇಕಾದ ಬಿಸಿ ನಾಲ್ಕು ಪಟ್ಟು. ಪ್ಯಾಡ್ ಹಿಡಿಯುವ ಡಿಸ್ಕ್ ಆರುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ. ನಮ್ಮಪ್ಪ ಯೆಜ್ಡಿ ಬೈಕ್ ಮಾಡುತ್ತಿದ್ದ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿದ್ದರು. ನಾನು ಚಿಕ್ಕವನಿದ್ದಾಗ ಬೆಟ್ಟ ಇಳಿದು ಬಂದು ಯೆಜ್ಡಿಯ ಬ್ರೇಕ್ ಡ್ರಮ್ ಮೇಲೆ ನಾಲ್ಕು ಹನಿ ನೀರು ಚಿಮುಕಿಸುತ್ತಿದ್ದರು. ಚುಂಯ್ ಅಂತ ಹಾರಿಹೋಗುತ್ತಿತ್ತು. "ಮುಟ್ಟಬೇಡ ಮಗನೇ, ನಿಲ್ಲಿಸಿದ ವೇಗವೆಲ್ಲ ಇಲ್ಲಿ ಬಂದು ಕೂತಿದೆ" ಅನ್ನುತ್ತಿದ್ದರು.

ಕುವೆಂಪುನಗರದವಳು:
ಇನ್ನೊಂದು ಮಾತು. ಬ್ರೇಕ್ ಹಿಡಿಯುವಾಗ ಟ್ಯಾಂಕನ್ನು ಮಂಡಿಯಲ್ಲಿ ಅಮುಕಿ ಹಿಡಿ. ಇಲ್ಲದಿದ್ದರೆ ಮೈಭಾರವೆಲ್ಲ ಕೈಮೇಲೆ ಬೀಳುತ್ತದೆ. ನನಗೆ ಐದನೇ ಲ್ಯಾಪ್‌ಗೆ ಮುಂಗೈ ಕಲ್ಲಾಗಿ ಬೆರಳೇ ಮಡಚಲಿಲ್ಲ. ಅಲ್ಲಿ ಸೆಕೆ ಜಾಸ್ತಿ, ಪ್ರತಿ ಸೆಷನ್ ಮಧ್ಯೆ ನೀರು ಕುಡಿ.

ಮಂಡ್ಯ ಹುಡುಗ:
ಈಗ ತಾನೇ ಟಾರ್ಚ್ ಬಿಟ್ಟು ನೋಡಿದೆ ಅಣ್ಣ. ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣ ಆಗಿದೆ. ಬೈಕ್ ತಗೊಂಡು ಮೂರು ವರ್ಷ, ಒಂದು ಸಲವೂ ಬದಲಾಯಿಸಿಲ್ಲ.

ಯಾದವಗಿರಿ ಮೆಕ್ಯಾನಿಕ್:
ಭಾನುವಾರ ತಗೊಂಡು ಬಾ, ಪೂರ್ತಿ ಬಸಿದು ಹೊಸದು ಹಾಕೋಣ. ಸೀಲ್ ಒಡೆಯದ ಡಬ್ಬ ತಾ. ಡಾಟ್ 4 ಅಥವಾ 5.1. ಬರೀ 5 ಅಂತ ಇದ್ದರೆ ಬೇಡ, ಅದು ಸಿಲಿಕೋನ್, ನಿನ್ನ ಬೈಕಿಗೆ ಆಗುವುದಿಲ್ಲ.